ಆಪ್ಷನ್ಸ್ ಲಾಭ: ಆ್ಯಪ್‌ನ ಲೆಕ್ಕಕ್ಕೂ ಕೈಗೆ ಬರುವ ಹಣಕ್ಕೂ ಏಕೆ ತಾಳೆಯಾಗುವುದಿಲ್ಲ?

ಆಪ್ಷನ್ಸ್ ಎಂದರೆ ಷೇರು ಅಥವಾ ಸೂಚ್ಯಂಕವನ್ನು ನಿಗದಿತ ದರಕ್ಕೆ ಕೊಳ್ಳುವ ಅಥವಾ ಮಾರುವ ಹಕ್ಕಿನ ಒಪ್ಪಂದಗಳು. ಟ್ರೇಡಿಂಗ್ ಆ್ಯಪ್‌ನ ಪೊಸಿಷನ್ ಪುಟದಲ್ಲಿ (ನಿಮ್ಮ ವಹಿವಾಟುಗಳ ಪಟ್ಟಿ) ಸಾಮಾನ್ಯವಾಗಿ ಕಾಣುವುದು ಖರ್ಚು ಕಳೆಯದ ಲಾಭ. ಎಕ್ಸೆಲ್‌ನಲ್ಲಿ ಪ್ರತಿ ಲೆಗ್‌ಗೂ (ವಹಿವಾಟಿನ ಒಂದೊಂದು ಒಪ್ಪಂದಕ್ಕೂ) ಒಂದು ಸಾಲು ಇಡಿ: ಎಕ್ಸ್‌ಪೈರಿ (ಒಪ್ಪಂದ ಮುಗಿಯುವ ದಿನ), ಸ್ಟ್ರೈಕ್ (ಒಪ್ಪಂದದ ನಿಗದಿತ ದರ), ಕಾಲ್ (ಕೊಳ್ಳುವ ಹಕ್ಕು) ಅಥವಾ ಪುಟ್ (ಮಾರುವ ಹಕ್ಕು), ಕೊಂಡ ದರ, ಮಾರಿದ ದರ, ಸಂಖ್ಯೆ, ಖರ್ಚು. 120ಕ್ಕೆ ಮಾರಿ 85ಕ್ಕೆ ವಾಪಸ್ ಕೊಂಡರೆ ಲಾಭ 35 × ಸಂಖ್ಯೆ. ಅದರಲ್ಲಿ ಬ್ರೋಕರೇಜ್, ಎಸ್‌ಟಿಟಿ (ಷೇರುಪೇಟೆ ವಹಿವಾಟು ತೆರಿಗೆ), ಎಕ್ಸ್‌ಚೇಂಜ್ ಶುಲ್ಕ, ಸ್ಟ್ಯಾಂಪ್ ಡ್ಯೂಟಿ ಕಳೆಯಿರಿ; 18% ಜಿಎಸ್‌ಟಿ ಬೀಳುವುದು ಬ್ರೋಕರೇಜ್ ಮತ್ತು ಶುಲ್ಕಗಳ ಮೇಲೆ ಮಾತ್ರ.

ಲಾಟ್ ಗಾತ್ರವನ್ನು (ಒಂದು ಒಪ್ಪಂದದಲ್ಲಿರುವ ಸಂಖ್ಯೆ) ಸೂತ್ರದೊಳಗೇ ಬರೆದಿಟ್ಟರೆ ಕೆಟ್ಟಿರಿ: ಷೇರು ವಿನಿಮಯ ಕೇಂದ್ರವಾದ ಎನ್‌ಎಸ್‌ಇ ಅದನ್ನು ಬದಲಿಸಿದಾಗ ಹಳೇ ಸಾಲುಗಳೂ ತಪ್ಪಾಗುತ್ತವೆ. ಇನ್ನೂ ಮುಗಿಸದ ವಹಿವಾಟಿನ ಲಾಭ ಲೆಕ್ಕ ಹಾಕುವಾಗ, ವಹಿವಾಟು ಕಡಿಮೆಯಿರುವ ಸ್ಟ್ರೈಕ್‌ನಲ್ಲಿ ಕೊನೇ ದರ ನಂಬಬೇಡಿ. ಕೊಂಡಿದ್ದರೆ ಬಿಡ್ (ಕೊಳ್ಳುವವರು ಕೊಡಲು ಸಿದ್ಧವಿರುವ ದರ), ಮಾರಿದ್ದರೆ ಆಸ್ಕ್ (ಮಾರುವವರು ಕೇಳುವ ದರ) ಹಾಕಿ. ನಿಮ್ಮ ಆಡಿಟರ್‌ಗೆ ಸ್ಕ್ರೀನ್‌ಶಾಟ್ ಬೇಡ, ಕಾಂಟ್ರಾಕ್ಟ್ ನೋಟ್ (ವಹಿವಾಟು ಮತ್ತು ಶುಲ್ಕಗಳ ವಿವರವಿರುವ ಬ್ರೋಕರ್ ದಾಖಲೆ) ಜತೆ ತಾಳೆ ನೋಡಿದ ಶೀಟ್ ಕೊಡಿ.