ಒಂದು ಅಡುಗೆಮನೆ, ಎರಡು ಚೀಲ

ಮನೆಖರ್ಚಿನ ಜಗಳಕ್ಕೆ ಸಲಹೆ ಕೇಳಲು ಗಂಡ ಹೆಂಡತಿ ನನ್ನ ಬಳಿ ಬಂದಿದ್ದು ಜುಲೈ ತಿಂಗಳ ಜಡಿಮಳೆಯಲ್ಲಿ. ಛತ್ರಿ ಮೂಲೆಗಿಟ್ಟು ಕೂತವನೇ ಆತ ಹೇಳಿದ: ‘ಮೇಡಂ, ನಮ್ಮನೆಯಲ್ಲಿ ಉಪ್ಪಿನ ಪೊಟ್ಟಣಕ್ಕೂ ಜಗಳ ಆಗ್ತದೆ.’

ಅಂಕೋಲಾ ಮತ್ತು ಕುಮಟಾ ನಡುವಿನ ಒಂದೂರು ಎಂದಷ್ಟೇ ಹೇಳುತ್ತೇನೆ. ಗುರುತು ಸಿಗುವಂಥ ಉಳಿದ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಗಂಡನ ತಾಯಿ (ಆಯಿ), ಹೀಗೆ ಐದು ಜನ. ಸಂಬಳ 32,000 ರೂಪಾಯಿ, ಅದರಲ್ಲಿ ಕಿರಾಣಿಗೇ ಸುಮಾರು 14,000. ಹೆಂಡತಿಯ ಪ್ರಕಾರ ಇದಕ್ಕೆ ಕಾರಣ ಅತ್ತೆಯ ‘ಮಳೆಗಾಲದ ಸಾಮಾನು’. ಗಂಡನ ಪ್ರಕಾರ ಇಬ್ಬರೂ. ತಾನು ರಾತ್ರಿ ಫೋನಿನಲ್ಲಿ ಆಫರ್ ನೋಡಿ ತರಿಸುವ ಬಿಸ್ಕತ್ತು, ನೂಡಲ್ಸ್ ಆತನ ಲೆಕ್ಕದಲ್ಲಿ ಇರಲೇ ಇಲ್ಲ.

ಆ ದಿನ ನಾನು ಕೊಟ್ಟ ಸಲಹೆ ತಪ್ಪಾಯಿತು. ಖರ್ಚಿನ ಪುಸ್ತಕ ಇಡಿ ಎಂದಿದ್ದೆ. ಹತ್ತು ದಿನದಲ್ಲಿ ಅದು ಪೊಲೀಸರ ಪಂಚನಾಮೆಯಂತಾಗಿತ್ತು. ಯಾರು ಯಾವ ದಿನ ಏನು ಹಾಳುಮಾಡಿದರು ಎಂಬುದಕ್ಕೆ ದಾಖಲೆ! ಮನಸ್ಸು ಬಿಸಿಯಿದ್ದ ಮನೆಗೆ ಲೆಕ್ಕದ ಪುಸ್ತಕ ಕೊಡಬಾರದೆಂದು ನಾನು ಕಲಿತದ್ದು ಹೀಗೆ. ಎರಡನೇ ಸಲ ಬರುವಾಗ ಆಯಿಯನ್ನೂ ಕರೆದುಕೊಂಡು ಬನ್ನಿ, ಪುಸ್ತಕ ಬೇಡ, ಮನೆಯಲ್ಲಿ ಈಗ ಇರುವ ಸಾಮಾನಿನ ಫೋಟೋ ತನ್ನಿ ಅಂದೆ.

ಫೋಟೋ ನೋಡುತ್ತ ಮೂವರೂ ಸುಮ್ಮನಾದರು. ಉಪ್ಪು ಒಂಬತ್ತು ಕಿಲೊ. ತೊಗರಿಬೇಳೆ ಮೂರು ಕಡೆ, ಒಟ್ಟು ಏಳು ಕಿಲೊ, ಎರಡು ಡಬ್ಬಿಗೆ ಹುಳು. ರವೆ ಗಂಟು ಕಟ್ಟಿತ್ತು. ಎಣ್ಣೆ ಹನ್ನೊಂದು ಲೀಟರ್. ಶೇಂಗಾಕ್ಕೆ ಹಸಿರು ಬೂಸ್ಟು. ಆಯಿ ಊರಿನ ಅಂಗಡಿಯಿಂದ ಉದ್ರಿಯಲ್ಲಿ ತರುತ್ತಿದ್ದರು, ಗೃಹಲಕ್ಷ್ಮಿಯ 2,000 ಬಂದಾಗ ತೀರಿಸುತ್ತಿದ್ದರು. ಸೊಸೆ ತಿಂಗಳಿಗೊಮ್ಮೆ ಪೇಟೆಯ ಸೂಪರ್ ಮಾರ್ಕೆಟ್ಟಿನಿಂದ. ಇಬ್ಬರೂ ತರುತ್ತಿದ್ದದ್ದು ಅದೇ ಬೇಳೆ, ಅದೇ ಉಪ್ಪು. ಒಬ್ಬರಿಗೊಬ್ಬರು ಹೇಳುತ್ತಿರಲಿಲ್ಲ, ಏಕೆಂದರೆ ಮಾತೇ ನಿಂತಿತ್ತು. ನಾನು ಬೆಲೆ ಏರಿಕೆಯನ್ನು ಹುಡುಕಿಕೊಂಡು ಹೋಗಿದ್ದೆ. ಸಿಕ್ಕಿದ್ದು ಮೌನದ ಬಿಲ್ಲು.

ಆಯಿ ಆಗ ಬಾಯಿ ಬಿಟ್ಟರು. ‘ನಾ ಈ ಮನೆಗೆ ಬಂದಾಗ ಹನ್ನೊಂದು ಜನ ಅಕ್ಕೋರೆ. ಹಳ್ಳ ತುಂಬಿದ್ರೆ ಎಂಟೆಂಟು ದಿನ ಪೇಟೆ ಮುಖ ಕಾಣೂದಿಲ್ಲ. ಮೇ ತಿಂಗಳಲ್ಲೇ ಉಪ್ಪು, ಮುರುಗಲ ಸಿಪ್ಪೆ, ಒಣಮೀನು, ಹಪ್ಪಳ ಎಲ್ಲ ಅಟ್ಟಕ್ಕೆ ಏರ್ತಿತ್ತು. ಏನೂ ಹಾಳಾಗ್ತಿರಲಿಲ್ಲ. ಈಗ ಹಾಳಾಗ್ತದೆ, ಯಾಕೆ ಅಂತ್ಲೇ ತಿಳಿಯೂದಿಲ್ಲ.’

ಉತ್ತರ ಅವರ ಅಡುಗೆಮನೆಯಲ್ಲೇ ಇತ್ತು. ಮೊದಲು ಅಟ್ಟದ ಕೆಳಗೆ ಸೌದೆ ಒಲೆ ಉರಿಯುತ್ತಿತ್ತು. ಅದರ ಬಿಸಿ, ಹೊಗೆ ಇಡೀ ಮಳೆಗಾಲ ಅಟ್ಟವನ್ನು ಒಣಗಿಸಿ ಇಡುತ್ತಿತ್ತು, ಹುಳುವನ್ನೂ ದೂರ ಇಡುತ್ತಿತ್ತು. ಗ್ಯಾಸ್ ಬಂತು, ಅಟ್ಟ ಮಾತ್ರ ಹಾಗೇ ಉಳಿಯಿತು, ಈಗ ಥಂಡಿ ಹಿಡಿಯುತ್ತದೆ. ಆಯಿಯ ಪದ್ಧತಿಯಲ್ಲಿ ತಪ್ಪಿರಲಿಲ್ಲ, ಅದರ ಕೆಳಗಿನ ಬೆಂಕಿ ಹೋಗಿತ್ತು. ಇದನ್ನು ಹೇಳಿದಾಗ ಸೊಸೆ ಮೊದಲ ಬಾರಿ ಅತ್ತೆಯ ಕಡೆ ತಿರುಗಿ ನೋಡಿದಳು.

ಆಯಿಯ ಕೈಯಿಂದ ಚೀಲ ಕಿತ್ತುಕೊಳ್ಳಿ ಎನ್ನುವುದು ಸುಲಭದ ದಾರಿಯಾಗಿತ್ತು. ಆದರೆ ಆ 2,000 ರೂಪಾಯಿಯೇ ಮನೆಯಲ್ಲಿ ಅವರಿಗೆ ಉಳಿದ ಅಧಿಕಾರ. ಹಾಗಾಗಿ ದುಡ್ಡು ಹಂಚದೆ ಸಾಮಾನು ಹಂಚಿದೆವು. ವರ್ಷಕ್ಕೊಮ್ಮೆ ಕೊಳ್ಳುವಂಥದ್ದು ಆಯಿಯದು: ಗೋಕರ್ಣದ ಬಳಿಯ ಸಾಣಿಕಟ್ಟೆಯ ಹರಳುಪ್ಪು, ಹುಣಸೆ, ಮುರುಗಲು, ಮೆಣಸು, ಒಣಮೀನು. ಸುಗ್ಗಿಯಲ್ಲಿ ಕೊಂಡರೆ ಇವುಗಳಲ್ಲೇ ನಿಜವಾದ ಉಳಿತಾಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಕಡಲಿಗಿಳಿಯದ ಕಾಲದಲ್ಲಿ ಹಸಿಮೀನಿನ ಬೆಲೆ ಕೇಳಿದವರಿಗೆ ಒಣಮೀನಿನ ಬೆಲೆ ಗೊತ್ತಿರುತ್ತದೆ. ಬೇಳೆ, ರವೆ, ಎಣ್ಣೆ, ಸಾಬೂನು ಸೊಸೆಯದು, ತಿಂಗಳ ಲೆಕ್ಕಕ್ಕೆ.

ಎಷ್ಟು ತರಬೇಕು? ಇದನ್ನು ಊಹಿಸಬೇಡಿ ಅಂದೆ. ಪೊಟ್ಟಣ ಒಡೆದ ದಿನವನ್ನು ಪೆನ್ನಿನಲ್ಲಿ ಅದರ ಮೇಲೇ ಬರೆಯಿರಿ, ಮುಗಿದ ದಿನ ನೋಡಿ. ಅವರ ಮನೆಗೆ ತೊಗರಿಬೇಳೆ ತಿಂಗಳಿಗೆ ಎರಡೂವರೆ ಕಿಲೊ ಸಾಕಾಗಿತ್ತು. ನಾಲ್ಕು ತಿಂಗಳ ಮಳೆಗೆಂದು ಹತ್ತು ಕಿಲೊ ತಂದು ಹುಳುವಿಗೆ ಹಾಕುವ ಬದಲು, ಎರಡು ತಿಂಗಳಿಗಾಗುವ ಐದು ಕಿಲೊ ತಂದು ಬಿಸಿಲಿಗೆ ಹಾಕಿ ಆರಿಸಿ, ಕೈಗೆ ಹರಳೆಣ್ಣೆ ತೀಡಿಕೊಂಡು ಸವರಿ, ಗಾಳಿಯಾಡದ ಡಬ್ಬಿಗೆ ತುಂಬಿದರೆ ಸಾಕು. ರವೆ ತಂದ ದಿನವೇ ಹುರಿದಿಡಿ. ಹರಳುಪ್ಪು ಸ್ಟೀಲ್ ಡಬ್ಬಿಯಲ್ಲಿ ಬೇಡ, ಭರಣಿಯಲ್ಲಿರಲಿ. ಬೂಸ್ಟು ಬಂದ ಶೇಂಗಾ ಮಾತ್ರ ತೊಳೆದು ಹುರಿದು ತಿನ್ನಬೇಡಿ, ಎಸೆಯಿರಿ. ಅದರ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ದುಡ್ಡು ಹೋದದ್ದು ಕೊಂಡ ದಿನವೇ, ಹೊಟ್ಟೆಯನ್ನಾದರೂ ಉಳಿಸಿಕೊಳ್ಳಿ.

ಸೊಸೆಯ ಹೆಮ್ಮೆಯ ಆಫರ್ ಎಣ್ಣೆಯನ್ನೂ ಬಿಡಲಿಲ್ಲ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಅಷ್ಟೇ ದಪ್ಪ ಕಾಣುವ ಪೊಟ್ಟಣದಲ್ಲಿ 800 ಗ್ರಾಂ ಇರಬಹುದು. ಅವಳು 145 ರೂಪಾಯಿಯ ಲೀಟರ್ ಪೊಟ್ಟಣ ಬಿಟ್ಟು 135 ರೂಪಾಯಿಯ 800 ಗ್ರಾಂ ತಂದಿದ್ದಳು. ನೂರು ಗ್ರಾಮಿಗೆ ಮೊದಲನೆಯದು ಸುಮಾರು 15.90, ಎರಡನೆಯದು 16.90. ಹತ್ತು ರೂಪಾಯಿ ಉಳಿಯಿತೆಂದುಕೊಂಡದ್ದು ತುಟ್ಟಿಯಾಗಿತ್ತು. ಈ ಲೆಕ್ಕಕ್ಕೆ ಬೇಕಾದ ತೂಕ ಪೊಟ್ಟಣದ ಮೇಲೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಆಯಿ ಮುಸಿಮುಸಿ ನಕ್ಕರು. ನಾನು ತಡೆಯಲಿಲ್ಲ, ಅಷ್ಟು ಹೊತ್ತು ಅವರ ಅಟ್ಟದ ಸಾಮಾನೇ ಮೇಜಿನ ಮೇಲಿತ್ತಲ್ಲ.

ಗಂಡನಿಗೆ ಹೇಳಿದ್ದು ಒಂದೇ. ರಾತ್ರಿ ಊಟ ಆದಮೇಲೆ ಫೋನಿನಲ್ಲಿ ಸಾಮಾನು ತರಿಸಬಾರದು, ಬೆಳಿಗ್ಗೆಗೂ ಬೇಕೆನಿಸಿದರೆ ತರಿಸಲಿ.

ಪುಸ್ತಕದ ಬದಲು ಉಗ್ರಾಣದ ಬಾಗಿಲ ಮೇಲೆ ಸೀಮೆಸುಣ್ಣ. ಕೊನೆಯ ಡಬ್ಬಿ ತೆರೆದವರು ಆ ಸಾಮಾನಿನ ಹೆಸರು ಬರೆಯಬೇಕು, ತಂದವರು ಅಳಿಸಬೇಕು. ಬೆಲೆ ಬರೆಯುವಂತಿಲ್ಲ, ಯಾರು ಬರೆದರು ಎಂದು ಕೇಳುವಂತಿಲ್ಲ. ಮಾತು ನಿಂತ ಮನೆಯಲ್ಲಿ ಇಷ್ಟು ಬರವಣಿಗೆಯಾದರೂ ನಡೆಯಲಿ ಎಂಬುದು ನನ್ನ ಲೆಕ್ಕಾಚಾರ.

ಸೆಪ್ಟೆಂಬರಿನಲ್ಲಿ ಬಂದಾಗ ಕಿರಾಣಿ 11,200ಕ್ಕೆ ಇಳಿದಿತ್ತು. ಅದರಲ್ಲಿ ಸ್ವಲ್ಪ, ಇದ್ದ ಉಪ್ಪು ಎಣ್ಣೆಯನ್ನೇ ಕರಗಿಸಿದ್ದರಿಂದ, ಪೂರ್ತಿ ನಂಬುವ ಅಂಕಿ ಅಲ್ಲ. ಅಂಗಡಿಯ ಹಳೆಯ ಉದ್ರಿ 3,200 ಇನ್ನೂ ಇದೆ, ತಿಂಗಳಿಗೆ 800ರಂತೆ ಮಗ ತೀರಿಸುತ್ತಾನೆ. ಒಣಮೀನನ್ನು ಮಕ್ಕಳು ಈಗಲೂ ಮುಟ್ಟುವುದಿಲ್ಲವಂತೆ. ಮೊನ್ನೆ ಸೊಸೆ ಫೋನ್ ಮಾಡಿದ್ದಳು. ತೊಗರಿಬೇಳೆ ಮುಗಿದು ಎರಡು ದಿನವಾದರೂ ಬಾಗಿಲ ಮೇಲೆ ಇಬ್ಬರೂ ಬರೆದಿರಲಿಲ್ಲ. ‘ಜಗಳ ಆಯ್ತಾ?’ ಎಂದೆ. ‘ಇಲ್ಲ ಮೇಡಂ, ಅತ್ತೆ ಹೆಸರುಕಾಳಿನ ಸಾರು ಮಾಡಿದ್ರು.’