ಮನೆಗೆ ನೀರು ನುಗ್ಗಿದಾಗ ತುರ್ತು ನೆರವು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ಗೋಕಾಕ ತಾಲ್ಲೂಕಿನ ಹೊಳೆದಂಡೆಯ ಊರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಘಟಪ್ರಭೆಯ ನೀರು ನುಗ್ಗಿ ಮೂರು ದಿನ ಮನೆಯೊಳಗೇ ನಿಂತಿತ್ತು. ಜೋಳ, ಅಕ್ಕಿ, ಬಟ್ಟೆಬರೆ, ಪಾತ್ರೆ ಎಲ್ಲವೂ ಹೋದವು. ಆಧಾರ್ ಮತ್ತು ಪಡಿತರ ಚೀಟಿಗಳೂ ಸಿಗುತ್ತಿಲ್ಲ. ಪರಿಹಾರ ಮನೆ ಮಾಲೀಕರಿಗೆ ಮಾತ್ರ, ಬಾಡಿಗೆದಾರರಿಗೆ ಇಲ್ಲ ಎಂದು ಸುತ್ತಲಿನವರು ಹೇಳುತ್ತಿದ್ದಾರೆ. ನಿಜವೇ?

ಉತ್ತರ: ನಿಜವಲ್ಲ, ಆ ಮಾತು ನಂಬಿ ಎಷ್ಟೋ ಕುಟುಂಬಗಳು ಅರ್ಜಿಯನ್ನೇ ಕೊಡದೆ ಸುಮ್ಮನಾಗುತ್ತವೆ ಎನ್ನುವುದು ನೋವಿನ ಸಂಗತಿ. ಮನೆಯ ಗೋಡೆ, ಚಾವಣಿಗೆ ಆದ ಹಾನಿಯ ಪರಿಹಾರ ಬೇರೆ, ಬಟ್ಟೆ ಮತ್ತು ಗೃಹೋಪಯೋಗಿ ವಸ್ತುಗಳ ನಷ್ಟಕ್ಕೆ ಕೊಡುವ ನೆರವು ಬೇರೆ. ಮೊದಲನೆಯದು ಮನೆಯ ಒಡೆತನಕ್ಕೆ ಸಂಬಂಧಿಸಿದ್ದು. ಎರಡನೆಯದನ್ನು ಕುಟುಂಬಕ್ಕೆ ಇಷ್ಟು ಎಂದು ನಿಗದಿ ಮಾಡಲಾಗಿದೆ. ರಾಜ್ಯ ವಿಪತ್ತು ಪರಿಹಾರ ನಿಧಿಗೆ ಕೇಂದ್ರ ಸರ್ಕಾರ 2022ರಲ್ಲಿ ಪರಿಷ್ಕರಿಸಿದ ಮಾನದಂಡದಲ್ಲಿ, ಮನೆ ಕೊಚ್ಚಿಹೋದ, ಪೂರ್ಣ ಹಾನಿಗೊಂಡ ಅಥವಾ ಎರಡು ದಿನಕ್ಕಿಂತ ಹೆಚ್ಚು ಕಾಲ ತೀವ್ರವಾಗಿ ಜಲಾವೃತವಾದ ಕುಟುಂಬಕ್ಕೆ ಬಟ್ಟೆಗಾಗಿ 2,500 ರೂಪಾಯಿ, ಪಾತ್ರೆ ಮತ್ತು ಗೃಹಬಳಕೆಯ ವಸ್ತುಗಳಿಗಾಗಿ 2,500 ರೂಪಾಯಿ ಎಂದಿದೆ. ಇದಕ್ಕೆ ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ ಸೇರಿಸಿ ಕೊಡುವುದೂ ಉಂಟು. ಈ ಸಲದ ಆದೇಶದಲ್ಲಿ ಎಷ್ಟಿದೆ ಎಂಬುದನ್ನು ತಹಶೀಲ್ದಾರರ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ.

ಅರ್ಜಿಯನ್ನು ತಹಶೀಲ್ದಾರರ ಹೆಸರಿಗೆ ಬರೆದು ನಾಡಕಚೇರಿಯಲ್ಲಿ ಅಥವಾ ನೇರವಾಗಿ ತಾಲ್ಲೂಕು ಕಚೇರಿಯಲ್ಲಿ ಕೊಡಿ. ಸ್ವೀಕೃತಿಯ ಮೊಹರು ಮತ್ತು ದಿನಾಂಕವಿರುವ ಪ್ರತಿಯನ್ನು ಪಡೆಯದೆ ಹಿಂತಿರುಗಬೇಡಿ. ಆದರೆ ಅರ್ಜಿಗಿಂತ ಹೆಚ್ಚು ತೂಕವಿರುವುದು ಗ್ರಾಮ ಆಡಳಿತ ಅಧಿಕಾರಿ ಸ್ಥಳಕ್ಕೆ ಬಂದು ಮಾಡುವ ಮಹಜರಿಗೆ. ಹೀಗಾಗಿ ಅವರು ಬರುವ ಮೊದಲೇ ಕೆಸರು ತೊಳೆಯಲೇಬೇಕಾದರೆ, ಗೋಡೆಯ ಮೇಲೆ ನೀರು ನಿಂತ ಗುರುತು ಕಾಣುವಂತೆ, ಹಾಳಾದ ಕಾಳಿನ ಚೀಲ, ಹಾಸಿಗೆಗಳು ಅದೇ ಜಾಗದಲ್ಲಿ ಇರುವಂತೆ ಮೊದಲು ಫೋಟೊ ತೆಗೆದಿಟ್ಟುಕೊಳ್ಳಿ. ಮಹಜರಿನಲ್ಲಿ ನೀರು ಎಷ್ಟು ದಿನ ನಿಂತಿತ್ತು ಎಂಬುದು ಸರಿಯಾಗಿ ದಾಖಲಾಗಿದೆಯೇ, ವಾಸವಿದ್ದವರು ನೀವೇ ಎಂದು ಬರೆದಿದ್ದಾರೆಯೇ ಎಂಬುದನ್ನು ಓದಿಸಿಕೊಂಡೇ ಸಹಿ ಹಾಕಿ. ಬಾಡಿಗೆ ಕರಾರು ಇಲ್ಲದಿದ್ದರೆ ಆ ವಿಳಾಸದ ವಿದ್ಯುತ್ ಬಿಲ್, ಮಕ್ಕಳ ಶಾಲಾ ದಾಖಲೆ, ನೆರೆಯವರ ಹೇಳಿಕೆ ಇವುಗಳನ್ನು ಜೊತೆಗಿಡಿ.

ಆಧಾರ್ ಕಾರ್ಡ್ ಹೋದರೂ ಅದರ ಸಂಖ್ಯೆ ಹೋಗಿಲ್ಲ. ನೋಂದಾಯಿತ ಮೊಬೈಲ್‌ಗೆ ಬರುವ ಒಟಿಪಿಯಿಂದ ಇ-ಆಧಾರ್ ಮುದ್ರಿಸಿಕೊಳ್ಳಬಹುದು. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚಿನ ಮೇಲೆಯೇ ಪಡಿತರ ಕೊಡುವುದರಿಂದ ಚೀಟಿ ಕೈಯಲ್ಲಿಲ್ಲವೆಂದು ಅಕ್ಕಿ ಬಿಡಬೇಡಿ. ಅಲ್ಲಿಯವರೆಗೆ ಊಟ, ವಸತಿಗೆ ಆಡಳಿತ ತೆರೆದಿರುವ ಕಾಳಜಿ ಕೇಂದ್ರಕ್ಕೆ ಹೋಗಲು ಹಿಂಜರಿಯಬೇಡಿ. ಅಲ್ಲಿ ನಿಮ್ಮ ಕುಟುಂಬದ ಹೆಸರು ನೋಂದಣಿಯಾದರೆ ಅದೂ ನೀವು ಸಂತ್ರಸ್ತರೆಂಬುದಕ್ಕೆ ಒಂದು ದಾಖಲೆ.

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆ. ಮಳೆಗೆ ಮಣ್ಣಿನ ಮನೆಯ ಎರಡು ಗೋಡೆ ಕುಸಿದು ತೊಲೆ ಜೋತುಬಿದ್ದಿದೆ. ಒಳಗೆ ಮಲಗಲು ಹೆದರಿಕೆ. ಆದರೂ 'ಭಾಗಶಃ ಹಾನಿ' ಎಂದು ಬರೆದುಕೊಂಡು ಹೋಗಿದ್ದಾರೆ. ಮನೆ ತೀರಿಹೋದ ತಂದೆಯ ಹೆಸರಿನಲ್ಲಿದೆ. ಏನು ಮಾಡಬೇಕು?

ಉತ್ತರ: ಅದೇ ಮಾನದಂಡದಂತೆ, ಕನಿಷ್ಠ ಶೇ 15ರಷ್ಟು ಹಾನಿಯಾದ ಕಚ್ಚಾ ಮನೆಗೆ 4,000 ರೂಪಾಯಿ; ಪೂರ್ಣ ನಾಶವಾದ ಮನೆಗೆ ಬಯಲುಸೀಮೆಯಲ್ಲಿ 1,20,000 ರೂಪಾಯಿ. ಒಂದು ಪದದ ನಮೂದಿಗೆ ಇಷ್ಟೊಂದು ಅಂತರವಿರುವಾಗ ಸುಮ್ಮನಿರುವುದು ತರವಲ್ಲ. ಉಳಿದ ಗೋಡೆಗಳು ಭಾರ ಹೊರುವ ಸ್ಥಿತಿಯಲ್ಲಿಲ್ಲ, ಮನೆ ವಾಸಕ್ಕೆ ಯೋಗ್ಯವಿಲ್ಲ ಎಂದು ವಿವರಿಸಿ, ಎಂಜಿನಿಯರ್ ಮೂಲಕ ಮರುಪರಿಶೀಲನೆ ಮಾಡಿಸಬೇಕೆಂದು ತಹಶೀಲ್ದಾರರಿಗೆ ಲಿಖಿತವಾಗಿ ಕೋರಿ, ಅದರ ಪ್ರತಿಯನ್ನು ಜಿಲ್ಲಾಧಿಕಾರಿಗೂ ಕಳುಹಿಸಿ. ಮಳೆ ಮುಂದುವರಿದು ಇನ್ನೊಂದು ಗೋಡೆ ಬಿದ್ದರೆ ಅದನ್ನೂ ದಿನಾಂಕ ಸಹಿತ ತಿಳಿಸಿ. ಅಲ್ಲಿಯತನಕ ದಯವಿಟ್ಟು ಆ ಸೂರಿನಡಿ ಯಾರೂ ಮಲಗಬೇಡಿ.

ತಂದೆಯ ಹೆಸರಿನ ವಿಚಾರಕ್ಕೆ ಮರಣ ಪ್ರಮಾಣಪತ್ರ, ವಂಶವೃಕ್ಷ ಮತ್ತು ಸಹೋದರ, ಸಹೋದರಿಯರಿದ್ದರೆ ಅವರ ಒಪ್ಪಿಗೆ ಪತ್ರ ಸಿದ್ಧಮಾಡಿಕೊಳ್ಳಿ. ಗ್ರಾಮ ಪಂಚಾಯಿತಿಯಲ್ಲಿ ಖಾತೆ ಬದಲಾವಣೆಗೆ ಅರ್ಜಿ ಹಾಕಿ, ಆದರೆ ಅದು ಮುಗಿಯಲೆಂದು ಪರಿಹಾರದ ಅರ್ಜಿಯನ್ನು ತಡಮಾಡಬೇಡಿ.

ಹಣ ಮಂಜೂರಾಗಿದೆ ಎಂದರೂ ಖಾತೆಗೆ ಬಾರದಿದ್ದರೆ ಮೊದಲು ಬ್ಯಾಂಕಿನಲ್ಲಿ ವಿಚಾರಿಸಿ. ಆಧಾರ್ ಆಧಾರಿತ ಪಾವತಿ ನೀವು ಕೊಟ್ಟ ಪಾಸ್‌ಬುಕ್‌ನ ಖಾತೆಗಲ್ಲದೆ, ಕೊನೆಯದಾಗಿ ಆಧಾರ್ ಜೋಡಿಸಿದ ಬೇರೆ ಖಾತೆಗೆ ಹೋಗಿರಬಹುದು. ಅಲ್ಲೂ ಇಲ್ಲದಿದ್ದರೆ 1902 ಸಹಾಯವಾಣಿಗೆ ದೂರು ದಾಖಲಿಸಿ. ನಿಮ್ಮ ಅರ್ಜಿಯ ಮೇಲಿನ ಕ್ರಮ ಮತ್ತು ಮಹಜರಿನ ಪ್ರತಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿಯೂ ಕೇಳಬಹುದು: ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಗಳಿಗೆ ಅದೂ ಇಲ್ಲ, ಮತ್ತು 30 ದಿನಗಳಲ್ಲಿ ಉತ್ತರ ಕೊಡಲೇಬೇಕು.