ಓದುಗರ ಪ್ರಶ್ನೆ, ನಮ್ಮ ಉತ್ತರ: ಜಾಝ್ ಧ್ವನಿಮುದ್ರಣದಲ್ಲಿ ಡ್ರಮ್ಮರನ ಕೈ

ಪ್ರಶ್ನೆ: ಕಳೆದ ಚಳಿಗಾಲದಲ್ಲಿ ನಮ್ಮ ಗೆಳೆಯರ ಬಳಗ ಕಾರವಾರದ ಸಣ್ಣ ಸಭಾಗೃಹವೊಂದರಲ್ಲಿ ಜಾಝ್ ಕಛೇರಿ ಏರ್ಪಡಿಸಿತ್ತು. ಗೋವಾದಿಂದ ಬಂದ ನಾಲ್ವರು ಪಿಯಾನೋ, ಸ್ಯಾಕ್ಸೋಫೋನ್, ಡಬಲ್ ಬಾಸ್ ಮತ್ತು ಡ್ರಮ್ಸ್ ನುಡಿಸಿದರು. ಕುಳಿತು ಕೇಳಿದವರಿಗೆ ಎಲ್ಲವೂ ಚೆನ್ನಾಗಿಯೇ ಕೇಳಿಸಿತು. ಆದರೆ ಧ್ವನಿಮುದ್ರಣದಲ್ಲಿ ಬಾಸ್ ಎಲ್ಲಿದೆಯೆಂದೇ ತಿಳಿಯುವುದಿಲ್ಲ, ಪಿಯಾನೋದ ಮೇಲೆಲ್ಲ ಡ್ರಮ್ಸ್‌ನ ಲೋಹದ ತಾಳಗಳಾದ ಸಿಂಬಲ್‌ಗಳ ಸದ್ದು ಹರಡಿಕೊಂಡಿದೆ. ತಪ್ಪು ಯಂತ್ರದ್ದೋ, ಡ್ರಮ್ಮರನದ್ದೋ?
– ಓದುಗರೊಬ್ಬರು, ಕಾರವಾರ

ಉತ್ತರ: ತಾವು ಬರೆದ ವಿವರ ನೋಡಿದರೆ ಯಂತ್ರವನ್ನು ದೂರುವಂತಿಲ್ಲ. ಸಭೆಯಲ್ಲಿರುವ ಕೇಳುಗನ ಎರಡು ಕಿವಿಗಳು ಯಾವ ಸದ್ದು ಯಾವ ದಿಕ್ಕಿನಿಂದ ಬಂತೆಂಬುದನ್ನು ಬೇರ್ಪಡಿಸಿಕೊಂಡು, ಬೇಕೆನಿಸಿದ ವಾದ್ಯದತ್ತ ಗಮನ ಹರಿಸಬಲ್ಲವು. ಮೈಕಿಗೆ ಆ ವಿವೇಕವಿಲ್ಲ, ತನ್ನ ಬಳಿಗೆ ಬಂದದ್ದನ್ನೆಲ್ಲ ಅದು ಹಿಡಿದಿಡುತ್ತದೆ. ಸ್ಟುಡಿಯೋದಲ್ಲಾದರೆ ಡ್ರಮ್ಮರನನ್ನು ಗಾಜಿನ ಕೋಣೆಯೊಳಗೆ ಕೂರಿಸಬಹುದು. ಸಭೆಯ ಮುಂದೆ ಅದು ಆಗದ ಮಾತು. ಹೀಗಾಗಿ ಡ್ರಮ್ಸ್‌ನ ಸದ್ದು, ಅದರಲ್ಲಿಯೂ ಸಿಂಬಲ್‌ಗಳ ತೀಕ್ಷ್ಣವಾದ ಸದ್ದು, ವೇದಿಕೆಯ ಮೇಲಿನ ಪ್ರತಿಯೊಂದು ಮೈಕಿನೊಳಗೂ ನುಸುಳುತ್ತದೆ. ಡಬಲ್ ಬಾಸ್ ಮೆಲುದನಿಯ ವಾದ್ಯವಾದ್ದರಿಂದ ಅದರ ಮೈಕನ್ನು ಏರಿಸಲೇಬೇಕಾಗುತ್ತದೆ. ಏರಿಸಿದರೆ ಅದರೊಳಗೆ ಸೇರಿಕೊಂಡ ಸಿಂಬಲ್ ಕೂಡ ಜೊತೆಗೇ ಏರುತ್ತದೆ. ಇನ್ನೊಂದು ತೊಡಕೂ ಇದೆ. ಶಬ್ದವು ಗಾಳಿಯಲ್ಲಿ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡು ಬೇಕು. ಆದ್ದರಿಂದ ಒಂದೇ ಪೆಟ್ಟು ಡ್ರಮ್ಸ್‌ನ ಮೈಕಿಗೆ ಮೊದಲು ತಲುಪಿ, ಮೂರು ಮೀಟರ್ ದೂರದ ಪಿಯಾನೋ ಮೈಕಿಗೆ 9 ಮಿಲಿಸೆಕೆಂಡುಗಳಷ್ಟು ತಡವಾಗಿ ತಲುಪುತ್ತದೆ. ಎರಡನ್ನೂ ಕೂಡಿಸಿದಾಗ ಕೆಲವು ಕಂಪನಾಂಕಗಳು ಒಂದನ್ನೊಂದು ಅಳಿಸಿಕೊಂಡು ಸದ್ದು ಮಸುಕಾಗುತ್ತದೆ. ತಮಗೆ ಪಿಯಾನೋದ ಮೇಲೆ ಕೇಳಿಸುತ್ತಿರುವುದು ಬಹುಶಃ ಇದೇ.

ಇಂತಹ ಮುದ್ರಣದಲ್ಲಿ ಯಾವ ವಾದ್ಯ ಎಷ್ಟು ಕೇಳಿಸಬೇಕೆಂದು ನಿರ್ಧರಿಸುವ ಅಧಿಕಾರ ಬಹುಪಾಲು ಡ್ರಮ್ಮರನ ಮಣಿಕಟ್ಟಿನಲ್ಲಿಯೇ ಇರುತ್ತದೆಂಬುದು ನನ್ನ ಅಭಿಪ್ರಾಯ. ಆತ ಜೋರಾದರೆ ಪಿಯಾನೋದವನು ಕೀಲಿಗಳನ್ನು ಕುಟ್ಟತೊಡಗುತ್ತಾನೆ, ಬಾಸ್‌ನವನು ತನ್ನ ಆಂಪ್ಲಿಫೈಯರನ್ನು ಏರಿಸುತ್ತಾನೆ, ಕೊನೆಗೆ ಮೆಲುದನಿ ಎಂಬುದೇ ಯಾರಲ್ಲಿಯೂ ಉಳಿಯುವುದಿಲ್ಲ. ಕಳೆದುಹೋದ ಆ ಏರಿಳಿತವನ್ನು ಆಮೇಲೆ ಯಾವ ಕಂಪ್ಯೂಟರೂ ಮರಳಿ ತಂದುಕೊಡಲಾರದು.

ಕೈ ಹಿಡಿತದಲ್ಲಿದ್ದರೆ ಏನಾಗುತ್ತದೆಂಬುದಕ್ಕೆ, 1961ರ ಜೂನ್ 25ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ ಪಿಯಾನೋ ವಾದಕ ಬಿಲ್ ಇವಾನ್ಸ್‌ರ ತ್ರಿವಳಿ ನುಡಿಸಿದ್ದರ ಧ್ವನಿಮುದ್ರಣವನ್ನು ಕೇಳಬೇಕು. ಗ್ಲಾಸುಗಳ ಕಿಣಿಕಿಣಿ, ಕೇಳುಗರ ಮಾತು ಎಲ್ಲವೂ ಅದರಲ್ಲಿ ದಾಖಲಾಗಿವೆ. ಆದರೂ ಸ್ಕಾಟ್ ಲಫಾರೋರ ಬಾಸ್‌ನ ಸ್ವರಗಳು ಬಿಡಿಬಿಡಿಯಾಗಿ ಕೇಳಿಸುತ್ತವೆ. ಡ್ರಮ್ಸ್ ನುಡಿಸಿದ ಪಾಲ್ ಮೋಷನ್ ಅನೇಕ ಕಡೆ ಕೋಲಿನ ಬದಲು ತಂತಿಯ ಬ್ರಶ್ ಹಿಡಿದು, ಪ್ರತಿ ಮಾತ್ರೆಯನ್ನೂ ಎಣಿಸಿ ಹೇಳುವ ಗೋಜಿಗೆ ಹೋಗದೆ, ಬಾಸ್‌ಗೆ ಜಾಗ ಬಿಟ್ಟುಕೊಟ್ಟರು. ಅದಾಗಿ ಹನ್ನೊಂದೇ ದಿನಕ್ಕೆ ಲಫಾರೋ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಹಾಗೆಂದು ಮೆಲ್ಲಗೆ ನುಡಿಸುವುದೊಂದೇ ದಾರಿಯಲ್ಲ. 1964ರ ಫೆಬ್ರವರಿ 12ರಂದು ನ್ಯೂಯಾರ್ಕಿನ ಫಿಲ್‌ಹಾರ್ಮೋನಿಕ್ ಹಾಲ್‌ನಲ್ಲಿ ತುತ್ತೂರಿ ವಾದಕ ಮೈಲ್ಸ್ ಡೇವಿಸ್‌ರ ತಂಡಕ್ಕೆ ಡ್ರಮ್ಸ್ ನುಡಿಸಿದ ಟೋನಿ ವಿಲಿಯಮ್ಸ್‌ಗೆ ಆಗ 18 ವರ್ಷ. ಆ ಒಂದೇ ಸಂಜೆಯ ವಾದನ ಎರಡು ಗ್ರಾಮಫೋನ್ ತಟ್ಟೆಗಳಾಗಿ ಹೊರಬಂತು: ನಿಧಾನದ ರಚನೆಗಳೆಲ್ಲ ಒಂದರಲ್ಲಿ, ವೇಗದವು ಇನ್ನೊಂದರಲ್ಲಿ. ಮೊದಲನೆಯದರಲ್ಲಿ ತುತ್ತೂರಿ ಮತ್ತು ಪಿಯಾನೋ ಲಯದ ಕಟ್ಟಿಲ್ಲದೆ ಆರಂಭಿಸುವಾಗ ವಿಲಿಯಮ್ಸ್ ಸುಮ್ಮನೆ ಕುಳಿತಿರುತ್ತಾರೆ; ಎರಡನೆಯದರಲ್ಲಿ ಅವರ ಸಿಂಬಲ್ ಇಡೀ ತಂಡವನ್ನು ಮುಂದಕ್ಕೆ ದೂಡುತ್ತದೆ. ಎರಡನ್ನೂ ಒಂದರ ಹಿಂದೊಂದು ಕೇಳಿದವರಿಗೆ ಬೇರೆ ವಿವರಣೆಯ ಅಗತ್ಯವೇ ಬೀಳುವುದಿಲ್ಲ.

ಮುಂದಿನ ಸಲ ಡ್ರಮ್ಮರನಿಗೆ ಹಗುರವಾದ ಕೋಲು ಮತ್ತು ತೆಳುವಾದ ಸಿಂಬಲ್ ತರಲು ಹೇಳಿರಿ; ಕಾಲಿನಿಂದ ಬಾರಿಸುವ ದೊಡ್ಡ ಬೇಸ್ ಡ್ರಮ್ 22 ಅಂಗುಲದ್ದಕ್ಕಿಂತ, ಜಾಝ್‌ನವರು ಮೆಚ್ಚುವ 18 ಅಂಗುಲದ್ದಿದ್ದರೆ ಒಳ್ಳೆಯದು. ಡ್ರಮ್ಸ್‌ನ ಹಿಂದಿನ ಬರಿ ಗೋಡೆಗೆ ದಪ್ಪನೆಯ ಜಮಖಾನೆ ಇಳಿಬಿಡಿರಿ. ಕಛೇರಿಗೆ ಮೊದಲಿನ ಪರೀಕ್ಷೆಯಲ್ಲಿ ನುಡಿಸಿದ್ದಕ್ಕಿಂತ, ಜನ ಸೇರಿದ ಮೇಲೆ ಯಾವ ಡ್ರಮ್ಮರನೂ ಜೋರಾಗಿಯೇ ನುಡಿಸುತ್ತಾನೆ. ಅದಕ್ಕೆಂದು ಸುಮಾರು 12 ಡೆಸಿಬೆಲ್‌ನಷ್ಟು ಎಡೆಯನ್ನು ಯಂತ್ರ ತಡೆಯಬಲ್ಲ ಗರಿಷ್ಠ ಮಟ್ಟದ ಕೆಳಗೆ ಬಿಟ್ಟು ಮುದ್ರಿಸಿಕೊಳ್ಳುವುದು ಕ್ಷೇಮ.

ಪ್ರಶ್ನೆ: ಅಮೆರಿಕದ ಜಾಝ್ ತಂಡನಾಯಕ ಡ್ಯೂಕ್ ಎಲಿಂಗ್ಟನ್‌ರ 1956ರ ನ್ಯೂಪೋರ್ಟ್ ಕಛೇರಿಯ ಹಳೆಯ ತಟ್ಟೆ ನನ್ನಲ್ಲಿದೆ. ಅದರ ಪ್ರಸಿದ್ಧವಾದ ಸ್ಯಾಕ್ಸೋಫೋನ್ ಭಾಗ ದೂರದಿಂದ ಕೇಳಿಸಿದಂತಿದೆ. ಅಲ್ಲಿಯೂ ಡ್ರಮ್ಸ್ ಅದನ್ನು ನುಂಗಿತೇ?
– ಓದುಗರೊಬ್ಬರು, ಶಿರಸಿ

ಉತ್ತರ: ಇಲ್ಲ. ಆ ಭಾಗವನ್ನು ನುಡಿಸಿದ ಪಾಲ್ ಗೊನ್ಸಾಲ್ವೆಸ್ ಆ ರಾತ್ರಿ ತಟ್ಟೆಯ ಕಂಪನಿಯ ಮೈಕನ್ನು ಬಿಟ್ಟು, ವಾಯ್ಸ್ ಆಫ್ ಅಮೆರಿಕ ರೇಡಿಯೋದ ಮೈಕಿನ ಮುಂದೆ ನಿಂತು ನುಡಿಸಿದ್ದರು. 1999ರಲ್ಲಿ ಎರಡೂ ಟೇಪುಗಳನ್ನು ಜೋಡಿಸಿ ಹೊರತಂದ ಆವೃತ್ತಿಯಲ್ಲಿ ಅವರು ಹತ್ತಿರದಲ್ಲಿಯೇ ಕೇಳಿಸುತ್ತಾರೆ. ಡ್ರಮ್ಮರ್ ಸ್ಯಾಮ್ ವುಡ್‌ಯಾರ್ಡ್ ಅಲ್ಲಿ ಮಾಡಿದ್ದು ಉಪಕಾರವೇ: 27 ಆವರ್ತನಗಳಷ್ಟು ದೀರ್ಘವಾದ ಆ ವಾದನದ ಉದ್ದಕ್ಕೂ ಗತಿ ಬಿಗಿ ಕಳೆದುಕೊಳ್ಳದಂತೆ ನೋಡಿಕೊಂಡರು. ವೇದಿಕೆಯ ಅಂಚಿನಲ್ಲಿದ್ದ ಮತ್ತೊಬ್ಬ ಹಿರಿಯ ಡ್ರಮ್ಮರ್ ಜೋ ಜೋನ್ಸ್, ಸುರುಳಿ ಸುತ್ತಿದ ಪತ್ರಿಕೆಯಿಂದ ಬಡಿದು ತಾಳ ಹಾಕಿ ತಂಡವನ್ನು ಹುರಿದುಂಬಿಸಿದರು. ಆ ಬಿಗಿ ಇಲ್ಲದಿದ್ದರೆ ಸಭಿಕರು ಎದ್ದು ಕುಣಿಯುತ್ತಿರಲಿಲ್ಲ, ಅವರ ಕೂಗು ತಟ್ಟೆಗೆ ಸೇರುತ್ತಲೂ ಇರಲಿಲ್ಲ.

ಪ್ರಶ್ನೆ: ಯಕ್ಷಗಾನದ ಚಂಡೆಗೂ ಇದೇ ಮಾತು ಅನ್ವಯಿಸುತ್ತದೆಯೇ?
– ಓದುಗರೊಬ್ಬರು, ಕುಮಟಾ

ಉತ್ತರ: ಖಂಡಿತ ಅನ್ವಯಿಸುತ್ತದೆ. ಚಂಡೆಯ ಪೆಟ್ಟು ಭಾಗವತರ ಮೈಕಿನೊಳಗೆ ನೇರವಾಗಿ ಬೀಳುತ್ತದೆ. ವೀರ, ರೌದ್ರದ ಸಂದರ್ಭಗಳಿಗೆ ಚಂಡೆ, ಶೃಂಗಾರ ಮತ್ತು ಕರುಣದ ಪದಗಳಿಗೆ ಮದ್ದಳೆಯೊಂದೇ ಎಂಬ ಬಡಗುತಿಟ್ಟಿನ ಹಳೆಯ ಕ್ರಮವನ್ನು ಪಾಲಿಸಿದರೆ ಮುದ್ರಿಸುವವರ ಅರ್ಧ ಕೆಲಸ ಹಗುರವಾಗುತ್ತದೆ. ಉಳಿದರ್ಧಕ್ಕೆ, ಮುಖ್ಯವಾಗಿ ಮುಂದಿನಿಂದ ಸದ್ದು ಹಿಡಿಯುವ ಬಗೆಯ ಮೈಕನ್ನು ಆರಿಸಿ, ಅದರ ಬೆನ್ನು ಚಂಡೆಯ ಕಡೆಗಿರುವಂತೆ ಭಾಗವತರ ಬಾಯಿಗೆ ಹತ್ತಿರದಲ್ಲಿ ಇಡಬೇಕು.